ಸುರಂಗದ ಹೊಗೆ ಯಾರ ಮನೆ ಬಾಗಿಲಿಗೆ?

ಬೆಂಗಳೂರಿನ ಹೆಬ್ಬಾಳದಿಂದ ಸೆಂಟ್ರಲ್ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿಯಲ್ಲಿ ಸುಮಾರು 16.75 ಕಿಲೋಮೀಟರ್ ಉದ್ದದ ಜೋಡಿ ಸುರಂಗ ರಸ್ತೆ ಕೊರೆಯುವ ಯೋಜನೆಯ ಸುತ್ತ ಎದ್ದ ಜಗಳ ಬಹುಪಾಲು ದುಡ್ಡಿನದು. 2024ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಾಗ ಅಂದಾಜು ವೆಚ್ಚ 12,690 ಕೋಟಿ ರೂಪಾಯಿ ಇತ್ತು. ವರ್ಷ ತುಂಬುವುದರೊಳಗೆ ಅದು 17,700 ಕೋಟಿಯ ಆಸುಪಾಸಿಗೆ ಏರಿತು. ಬೆಂಗಳೂರಿನ ಬಗ್ಗೆ ಬರೆದ ಯೋಜನಾ ವರದಿಯಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್‌ಗಳ ಹೆಸರು ನುಸುಳಿ, ವರದಿ ಸಿದ್ಧಪಡಿಸಿದ ಸಲಹಾ ಸಂಸ್ಥೆಗೆ ದಂಡ ಬಿತ್ತು. ಆಮೇಲೆ ಜಗಳ ಲಾಲ್‌ಬಾಗಿಗೆ ಬಂತು. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಇರುವ ಆ ತೋಟದ ಅಂಚಿನಲ್ಲಿ ಸುರಂಗದ ಬಾಯಿ ತೆರೆಯುವುದು ಬೇಡವೆಂದು ಜನ ಬೀದಿಗಿಳಿದರು, ಕೆಲವರು ಹೈಕೋರ್ಟಿಗೆ ಹೋದರು. ಇವೆಲ್ಲ ಸರಿಯಾದ ಜಗಳಗಳೇ. ಆದರೆ ಅವುಗಳ ಗದ್ದಲದಲ್ಲಿ ಹಿಂದೆ ಬಿದ್ದ ಪ್ರಶ್ನೆಯೊಂದಿದೆ. ಆ ಕೊಳವೆಯೊಳಗೆ ಓಡುವ ಸಾವಿರಾರು ಕಾರುಗಳ ಹೊಗೆ ಎಲ್ಲಿಂದ ಹೊರಬೀಳುತ್ತದೆ? ಅದು ಹೊರಬೀಳುವ ಜಾಗದಲ್ಲಿ ಯಾರು ವಾಸವಾಗಿದ್ದಾರೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಓದುಗರಿಗೆ ಇದು ರಾತ್ರಿಯಿಡೀ ಬಸ್ಸಿನಲ್ಲಿ ಕೂತರೆ ಸಿಗುವ ಊರಿನ ತಾಪತ್ರಯ ಅನ್ನಿಸಬಹುದು. ಆದರೆ ಆ ಬಸ್ಸಿನಲ್ಲಿ ಕೂತವರು ಯಾರೆಂದು ನೋಡಬೇಕು. ಮಳೆ ಕೈಕೊಟ್ಟ ವರ್ಷ ಈ ನಾಲ್ಕೂ ತಾಲ್ಲೂಕುಗಳಿಂದ ಗೋವೆಗೆ, ಮಂಗಳೂರಿಗೆ, ಮಹಾರಾಷ್ಟ್ರಕ್ಕೆ, ಬೆಂಗಳೂರಿಗೆ ಗುಳೆ ಹೋಗುವುದು ಹೊಸದಲ್ಲ. ಸೆಂಟ್ರಿಂಗ್ ಕಟ್ಟುವವರು, ಮಣ್ಣು ಎತ್ತುವವರು, ಕ್ಯಾಬ್ ಓಡಿಸುವವರು, ಬೈಕಿನ ಹಿಂದೆ ಊಟದ ಚೀಲ ಕಟ್ಟಿಕೊಂಡು ತಿರುಗುವವರು ಅವರಲ್ಲಿದ್ದಾರೆ. ಬೆಂಗಳೂರಿನ ಗಾಳಿಯನ್ನು ದಿನಕ್ಕೆ ಹತ್ತು ಹನ್ನೆರಡು ತಾಸು, ಕಿಟಕಿ ಗಾಜಿನ ಆಸರೆಯಿಲ್ಲದೆ ಕುಡಿಯುವವರು ಇವರು. ಇನ್ನು ಚಿಮಣಿ ಎಂದರೇನು, ಅದರ ನೆರಳಲ್ಲಿ ಬದುಕುವುದೆಂದರೇನು ಎಂಬುದನ್ನು ಬಾಗೇವಾಡಿ ಸೀಮೆಯವರಿಗೆ ಬೆಂಗಳೂರಿನವರು ಹೇಳಿಕೊಡಬೇಕಾಗಿಲ್ಲ. ಕೂಡಗಿಯ ವಿಷಯ ಮುಂದೆ ಬರುತ್ತದೆ.

ಮೊದಲು ಸುರಂಗದ ಗಾಳಿಯ ಲೆಕ್ಕ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಅಡುಗೆಮನೆಯ ಒಲೆಯ ನೆತ್ತಿಗೆ ಸರಿಯಾಗಿ ಬೆಳಕಿಂಡಿ ಬಿಟ್ಟಿರುತ್ತಾರೆ. ಒಲೆಯ ಹೊಗೆ ಅಲ್ಲಿಂದ ಮಾಳಿಗೆಗೆ ಏರುತ್ತದೆ. ಕೆಳಗೆ ರೊಟ್ಟಿ ಬಡಿಯುವವಳ ಕಣ್ಣುರಿ ತಪ್ಪುತ್ತದೆ, ಹೊಗೆಯಂತೂ ಎಲ್ಲಿಗೂ ಮಾಯವಾಗುವುದಿಲ್ಲ. ಸುರಂಗ ರಸ್ತೆಯದ್ದೂ ಇದೇ ಕತೆ. ಮೇಲಿನ ರಸ್ತೆಯಲ್ಲಾದರೆ ಹದಿನಾರು ಕಿಲೋಮೀಟರ್ ಉದ್ದಕ್ಕೂ ಚೆದುರಿ ಹೋಗುವ ಹೊಗೆ ಕೊಳವೆಯೊಳಗೆ ಒಟ್ಟುಗೂಡುತ್ತದೆ. ಒಟ್ಟುಗೂಡಿದ್ದನ್ನು ಎರಡೇ ದಾರಿಯಲ್ಲಿ ಹೊರಹಾಕಬಹುದು: ಸುರಂಗದ ಬಾಯಿಯಿಂದ, ಇಲ್ಲವೇ ಚಿಮಣಿಯಿಂದ. ನಡುವೆ ಸೋಸುವ ಯಂತ್ರ ಕೂರಿಸಿದರೆ ಅಷ್ಟರಮಟ್ಟಿಗೆ ಕಡಿಮೆಯಾದೀತು.

ಒಂದೇ ದಿಕ್ಕಿನಲ್ಲಿ ವೇಗವಾಗಿ ಓಡುವ ವಾಹನಗಳು ತಾವೇ ಮುಂದಿನ ಗಾಳಿಯನ್ನು ನೂಕಿಕೊಂಡು ಹೋಗುತ್ತವೆ. ಎಂಜಿನಿಯರುಗಳು ಇದನ್ನು ಪಿಸ್ಟನ್ ಪರಿಣಾಮ ಎನ್ನುತ್ತಾರೆ. ಸಂಚಾರ ಸರಾಗವಾಗಿದ್ದಾಗ ಸುರಂಗ ತನ್ನಷ್ಟಕ್ಕೆ ತಾನೇ ಉಸಿರಾಡುತ್ತದೆ, ಛಾವಣಿಗೆ ನೇತುಹಾಕಿದ ಜೆಟ್ ಫ್ಯಾನುಗಳಿಗೆ ಹೆಚ್ಚು ಕೆಲಸವಿರುವುದಿಲ್ಲ. ಕಷ್ಟ ಬರುವುದು ಟ್ರಾಫಿಕ್ ಜಾಮ್ ಆದಾಗ. ವಾಹನ ನಿಂತರೆ ಗಾಳಿ ನಿಲ್ಲುತ್ತದೆ, ಎಂಜಿನ್ ಮಾತ್ರ ನಿಲ್ಲುವುದಿಲ್ಲ.

ಇದನ್ನು ಜಗತ್ತು ಪೆಟ್ಟು ತಿಂದೇ ಕಲಿತಿದೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ 1924ರಲ್ಲಿ ಲಿಬರ್ಟಿ ಸುರಂಗವನ್ನು ಯಾಂತ್ರಿಕ ಗಾಳಿ ವ್ಯವಸ್ಥೆ ಮುಗಿಯುವ ಮುಂಚೆಯೇ ಸಂಚಾರಕ್ಕೆ ಬಿಟ್ಟುಬಿಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಊರಿನ ಟ್ರಾಮ್ ನೌಕರರು ಮುಷ್ಕರ ಹೂಡಿದರು. ಟ್ರಾಮಿಲ್ಲದ ಜನರೆಲ್ಲ ಕಾರು ಹತ್ತಿದರು, ಕಾರುಗಳೆಲ್ಲ ಸುರಂಗದೊಳಗೆ ಸಿಕ್ಕಿಕೊಂಡವು. ಕಾರ್ಬನ್ ಮಾನಾಕ್ಸೈಡ್ ತುಂಬಿ ಒಳಗಿದ್ದವರು ಪ್ರಜ್ಞೆ ತಪ್ಪಿ ಬಿದ್ದರು. ಸಾರ್ವಜನಿಕ ಸಾರಿಗೆ ಕೈಕೊಟ್ಟ ದಿನವೇ ಸುರಂಗವೂ ಕೈಕೊಟ್ಟಿತೆಂಬುದನ್ನು ಬೆಂಗಳೂರಿನ ಯೋಜಕರು ಮರೆಯಬಾರದು.

ಹೊತ್ತು ತೆಗೆದುಕೊಂಡು, ತಿಳಿದು ಮಾಡಿದ ಕೆಲಸಕ್ಕೂ ಅದೇ ಕಾಲದ ಉದಾಹರಣೆಯಿದೆ. ನ್ಯೂಯಾರ್ಕ್‌ನ ಹಡ್ಸನ್ ನದಿಯಡಿಯ ಹಾಲೆಂಡ್ ಸುರಂಗ ತೆರೆದದ್ದು 1927ರ ನವೆಂಬರ್‌ನಲ್ಲಿ. ಅಷ್ಟು ಉದ್ದದ ಕೊಳವೆಯಲ್ಲಿ ಮೋಟಾರು ಹೊಗೆಯ ನಡುವೆ ಮನುಷ್ಯ ಎಷ್ಟು ಹೊತ್ತು ಬದುಕಬಲ್ಲ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ವಯಂಸೇವಕರನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಅಳತೆ ಮಾಡಿದ ಕಾರ್ಬನ್ ಮಾನಾಕ್ಸೈಡ್ ಬಿಟ್ಟು, ಯಾರಿಗೆ ಯಾವಾಗ ತಲೆನೋವು ಶುರುವಾಗುತ್ತದೆಂದು ಬರೆದುಕೊಂಡರು. ಪೆನ್ಸಿಲ್ವೇನಿಯಾದ ಬ್ರೂಸ್ಟನ್‌ನಲ್ಲಿ ಗಣಿಯೊಳಗೇ ಒಂದು ಪ್ರಯೋಗದ ಸುರಂಗ ಮಾಡಿ ಕಾರುಗಳನ್ನು ಸುತ್ತಾಡಿಸಿದರು. ಅದರಿಂದ ಬಂದ ಉತ್ತರದ ಮೇಲೆ 84 ಭಾರಿ ಫ್ಯಾನುಗಳು, ಅವಕ್ಕಾಗಿ ನಾಲ್ಕು ಕಟ್ಟಡಗಳು ಎದ್ದವು. ರಸ್ತೆಯ ಕೆಳಗಿನಿಂದ ಹೊಸ ಗಾಳಿ ಒಳಗೆ, ಛಾವಣಿಯ ಮೇಲಿನಿಂದ ಕೆಟ್ಟ ಗಾಳಿ ಹೊರಗೆ. ತೊಂಬತ್ತು ಸೆಕೆಂಡಿಗೊಮ್ಮೆ ಸುರಂಗದ ಗಾಳಿಯೆಲ್ಲ ಬದಲಾಗುವ ಏರ್ಪಾಡು. ಮುಖ್ಯ ಎಂಜಿನಿಯರ್ ಕ್ಲಿಫರ್ಡ್ ಹಾಲೆಂಡ್ ಕೆಲಸದ ಒತ್ತಡದಲ್ಲೇ 1924ರಲ್ಲಿ ತೀರಿಕೊಂಡರು, ಅವರ ನಂತರ ಬಂದವರೂ ವರ್ಷದೊಳಗೆ ತೀರಿದರು. ಗಾಳಿಯ ವ್ಯವಸ್ಥೆಯನ್ನು ರೂಪಿಸಿದ ಓಲೆ ಸಿಂಗ್‌ಸ್ಟಾಡ್ ಮುಂದೆ ನಿಂತು ಕೆಲಸ ಮುಗಿಸಿದರು. ಆ ಸುರಂಗದಲ್ಲಿ ಇಂದಿಗೂ ವಾಹನಗಳು ಓಡುತ್ತಿವೆ.

ಈಗಿನ ಕಾರುಗಳಿಂದ ಕಾರ್ಬನ್ ಮಾನಾಕ್ಸೈಡ್ ಬಹಳ ಕಡಿಮೆಯಾಗಿದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಲ್ಲಿದೆ. ಹಾಗಾಗಿ ಎಂಜಿನಿಯರುಗಳ ತಲೆನೋವು ಈಗ ಬೇರೆ: ಮುಖ್ಯವಾಗಿ ಡೀಸೆಲ್ ವಾಹನಗಳಿಂದ ಬರುವ ನೈಟ್ರೋಜನ್ ಡೈಆಕ್ಸೈಡ್, ಮತ್ತು ಪಿಎಂ 2.5 ಎಂದು ಕರೆಯುವ, ಶ್ವಾಸಕೋಶದ ತಳದವರೆಗೂ ಇಳಿಯುವ ಸಣ್ಣ ಕಣ. ಈ ಕಣ ಹೊಗೆ ಕೊಳವೆಯಿಂದಷ್ಟೇ ಬರುವುದಿಲ್ಲ. ಬ್ರೇಕ್ ಸವೆದಾಗ, ಟೈರು ಸವೆದಾಗ, ರಸ್ತೆಯ ಧೂಳು ಎದ್ದಾಗಲೂ ಬರುತ್ತದೆ. ಎಲ್ಲ ಕಾರುಗಳೂ ನಾಳೆ ಬ್ಯಾಟರಿಯ ಮೇಲೆ ಓಡಿದರೂ ಟೈರು ಸವೆಯುವುದು ನಿಲ್ಲದು. ಪಿಎಂ 2.5ರ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 5 ಮೈಕ್ರೋಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಭಾರತದ ಮಿತಿ ಇನ್ನೂ 40. ಹೀಗಿರುವಾಗ ‘ಎಲ್ಲವೂ ಮಿತಿಯೊಳಗಿದೆ’ ಎಂದು ಅಧಿಕಾರಿಗಳು ಹೇಳಿದರೆ ಯಾವ ಮಿತಿ ಎಂದು ಕೇಳಲೇಬೇಕು.

ಚಿಮಣಿಯ ಜಗಳಕ್ಕೆ ಹೆಸರಾದದ್ದು ಆಸ್ಟ್ರೇಲಿಯಾದ ಸಿಡ್ನಿ. ಅಲ್ಲಿನ ಎಂ5 ಈಸ್ಟ್ ಸುರಂಗ 2001ರ ಡಿಸೆಂಬರ್‌ನಲ್ಲಿ ತೆರೆಯಿತು, ಉದ್ದ ಸುಮಾರು ನಾಲ್ಕು ಕಿಲೋಮೀಟರ್. ಅದರ ಹೊಗೆಯೆಲ್ಲ ಟರೆಲ್ಲಾ ಎಂಬ ಬಡಾವಣೆಯಲ್ಲಿ ನಿಲ್ಲಿಸಿದ ಒಂದೇ ಚಿಮಣಿಯಿಂದ, ಸೋಸದೆ, ಹೊರಹೋಗಬೇಕೆಂದು ಗೊತ್ತುಮಾಡಿದರು. ನಿವಾಸಿಗಳು ಸಂಘ ಕಟ್ಟಿದರು, ಕಣ್ಣುರಿ, ಗಂಟಲು ಕೆರೆತದ ದೂರು ಕೊಟ್ಟರು, ರಾಜ್ಯ ಸಂಸತ್ತಿನ ಸಮಿತಿಗಳು ವಿಚಾರಣೆ ನಡೆಸಿದವು. ಸುತ್ತಲಿನ ಅಳತೆ ಕೇಂದ್ರಗಳ ಅಂಕಿಗಳಲ್ಲಿ ಚಿಮಣಿಯ ಪಾಲು ಸಣ್ಣದು, ಊರಿನ ಉಳಿದ ಹೊಗೆಯಿಂದ ಅದನ್ನು ಬೇರ್ಪಡಿಸಿ ತೋರಿಸುವುದೇ ಕಷ್ಟ ಎಂದು ಸರ್ಕಾರ ವಾದಿಸಿತು. ಎತ್ತರದಿಂದ, ರಭಸದಿಂದ ಬಿಟ್ಟ ಹೊಗೆ ನೆಲಕ್ಕಿಳಿಯುವಷ್ಟರಲ್ಲಿ ತೆಳುವಾಗುತ್ತದೆಂಬುದು ವಿಜ್ಞಾನದ ಪ್ರಕಾರ ಸುಳ್ಳಲ್ಲ. ನಿಜವಾದ ಕೆಡುಕು ಕಂಡದ್ದು ಸುರಂಗದ ಒಳಗೆ. ಏರುದಾರಿಯಲ್ಲಿ ಲಾರಿಗಳು ಹೊಗೆ ಕಾರುತ್ತಾ ಹತ್ತುವಾಗ ಒಳಗೆಲ್ಲ ಮಬ್ಬು ಕವಿಯುತ್ತಿತ್ತು. ಕಿಟಕಿ ಏರಿಸಿ, ಹೊರಗಿನ ಗಾಳಿ ಬಾರದಂತೆ ಎ.ಸಿ. ಹಾಕಿಕೊಳ್ಳಿ ಎಂದು ಚಾಲಕರಿಗೆ ಸಲಹೆ ಕೊಡಬೇಕಾಯಿತು. ಮುಂದೆ 2010ರ ಹೊತ್ತಿಗೆ ಒಂದು ಬದಿಯಲ್ಲಿ ಸೋಸುವ ಯಂತ್ರ ಇಟ್ಟು ನೋಡಿ, ಖರ್ಚಿಗೆ ತಕ್ಕ ಫಲ ಬರಲಿಲ್ಲವೆಂದು ನಿಲ್ಲಿಸಿದರು.

ಸಿಡ್ನಿಯಲ್ಲಿ ಸೋತದ್ದು ಬೇರೆಡೆ ಗೆದ್ದಿದೆ. ಟೋಕಿಯೊದ ಯಾಮಾತೆ ಸುರಂಗ 2015ರ ಮಾರ್ಚ್‌ನಲ್ಲಿ ಪೂರ್ತಿಯಾಯಿತು. 18.2 ಕಿಲೋಮೀಟರ್ ಉದ್ದ, ಬೆಂಗಳೂರಿನ ಯೋಜನೆಗೆ ಹತ್ತಿರದ ಅಳತೆ. ಅಲ್ಲಿ 45 ಮೀಟರ್ ಎತ್ತರದ ಗಾಳಿಗೋಪುರಗಳ ಬುಡದಲ್ಲಿ ಕಣಗಳನ್ನು ವಿದ್ಯುತ್ ಬಲದಿಂದ ಹಿಡಿಯುವ ಯಂತ್ರಗಳೂ ನೈಟ್ರೋಜನ್ ಡೈಆಕ್ಸೈಡ್ ಹೀರುವ ವ್ಯವಸ್ಥೆಯೂ ಇವೆ. ಹಾಂಗ್‌ಕಾಂಗ್ 2019ರಲ್ಲಿ ತೆರೆದ ಸೆಂಟ್ರಲ್–ವಾನ್ ಚಾಯ್ ಬೈಪಾಸ್ ಸುರಂಗದಲ್ಲೂ ಕಣ ಮತ್ತು ನೈಟ್ರೋಜನ್ ಡೈಆಕ್ಸೈಡ್ ಎರಡನ್ನೂ ಸೋಸುತ್ತಾರೆ. ನಮ್ಮಲ್ಲಿ ಮುಂಬೈ ಕರಾವಳಿ ರಸ್ತೆಯ ಎರಡು ಕಿಲೋಮೀಟರ್ ಜೋಡಿ ಸುರಂಗ 2024ರಲ್ಲಿ ತೆರೆಯಿತು, ಬಾಯಿಯಲ್ಲೇ ಭಾರಿ ಫ್ಯಾನಿಟ್ಟು ಗಾಳಿ ನೂಕುವ ಸಕಾರ್ಡೊ ವ್ಯವಸ್ಥೆ ಅಲ್ಲಿದೆ. ಅದು ಗಾಳಿಯನ್ನು ಸಾಗಿಸುತ್ತದೆ, ತೊಳೆಯುವುದಿಲ್ಲ. ಎರಡು ಕಿಲೋಮೀಟರಿಗೆ, ಪಕ್ಕದಲ್ಲೇ ಕಡಲಿರುವ ಊರಿಗೆ ಅದು ಸಾಕಾಗಬಹುದು. ಹದಿನಾರು ಕಿಲೋಮೀಟರಿಗೆ, ಕಡಲಿಲ್ಲದ ಊರಿಗೆ ಸಾಲದು.

ಯಂತ್ರ ಕೂರಿಸುತ್ತೇವೆಂಬ ಮಾತು ಕಾಗದದ ಮೇಲಿರುವುದು ಬೇರೆ, ಯಂತ್ರ ದಿನವೂ ತಿರುಗುವುದು ಬೇರೆ. ಇಲ್ಲಿ ಕೂಡಗಿಯನ್ನು ನೆನೆಯಲೇಬೇಕು. ಬಸವನ ಬಾಗೇವಾಡಿ ಸೀಮೆಯ ಆ ಹಳ್ಳಿಯ ಪಕ್ಕ ಎನ್‌ಟಿಪಿಸಿ ಕಟ್ಟಿದ ಉಷ್ಣ ವಿದ್ಯುತ್ ಸ್ಥಾವರದಲ್ಲಿ 800 ಮೆಗಾವಾಟಿನ ಮೂರು ಘಟಕಗಳಿವೆ, ಒಟ್ಟು 2,400 ಮೆಗಾವಾಟ್. ಸುತ್ತಲಿನ ರೈತರು ಮೊದಲಿನಿಂದಲೂ ಕೇಳಿದ್ದು ಒಂದೇ: ಬೂದಿ ಎಲ್ಲಿಗೆ ಹೋಗುತ್ತದೆ? 2014ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ಥಾವರದ ಪರಿಸರ ಅನುಮತಿಯನ್ನು ತಡೆಹಿಡಿದು ಮರುಪರಿಶೀಲನೆಗೆ ಕಳಿಸಿತು. ಅದೇ ವರ್ಷದ ಜುಲೈನಲ್ಲಿ ಪ್ರತಿಭಟನೆಗೆ ಕೂಡಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಮೇಲೆ ಸ್ಥಾವರವೂ ಮೇಲೆದ್ದಿತು, ವಿದ್ಯುತ್ತೂ ಹರಿಯಿತು. ಹಾರುಬೂದಿ ಬೆಳೆಯ ಮೇಲೆ ಕೂರುತ್ತದೆ ಎಂಬ ದೂರು ನಿಂತಿಲ್ಲ.

ಚಿಮಣಿಗೆ ಹಾಕಿದ ನಿಯಮಗಳು ಹೇಗೆ ಸಡಿಲವಾಗುತ್ತವೆಂಬುದಕ್ಕೂ ದೇಶದ ಉಷ್ಣ ಸ್ಥಾವರಗಳೇ ಸಾಕ್ಷಿ. ಗಂಧಕದ ಡೈಆಕ್ಸೈಡ್ ತಗ್ಗಿಸಬೇಕೆಂದು ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್‌ನಲ್ಲಿ ಮಿತಿ ಹಾಕಿತು, ಎರಡು ವರ್ಷದ ಗಡುವನ್ನೂ ಕೊಟ್ಟಿತು. ಗಡುವು ಮೇಲಿಂದ ಮೇಲೆ ಮುಂದೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ, ಅದಕ್ಕೆ ಬೇಕಾದ ಯಂತ್ರ ಕೂರಿಸುವುದರಿಂದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿ ಸಿಕ್ಕಿತು. ಹತ್ತು ವರ್ಷದಲ್ಲಿ ಒಂದು ನಿಯಮ ಹೀಗೆ ಕರಗಿಹೋಯಿತು. ಬೆಂಗಳೂರಿನ ಸುರಂಗದ ಚಿಮಣಿಗೆ ಸೋಸುವ ಯಂತ್ರ ಬರುತ್ತದೆಂದು ಯಾರಾದರೂ ಮಾತು ಕೊಟ್ಟರೆ, ಯಂತ್ರ ನಿಂತ ದಿನ ಸುರಂಗ ಮುಚ್ಚುತ್ತದೆಯೇ, ದಂಡ ಯಾರು ಕಟ್ಟುತ್ತಾರೆ, ಅಳತೆಯ ಅಂಕಿ ಆ ಕ್ಷಣವೇ ಜನರಿಗೆ ಕಾಣುತ್ತದೆಯೇ ಎಂಬುದೂ ಗುತ್ತಿಗೆ ಪತ್ರದಲ್ಲೇ ಇರಬೇಕು. ಇಲ್ಲದಿದ್ದರೆ ಕೂಡಗಿಯವರು ಕಂಡದ್ದನ್ನೇ ಬೆಂಗಳೂರಿನವರೂ ಕಾಣುತ್ತಾರೆ.

ಬೆಂಗಳೂರಿನ ಯೋಜನೆಯಲ್ಲಿ ಇನ್ನೊಂದು ಅನ್ಯಾಯ ಕಣ್ಣಿಗೆ ಹೊಡೆಯುತ್ತದೆ. ಆ ಊರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಅವುಗಳಲ್ಲಿ ಹೆಚ್ಚಿನವು ಬೈಕು, ಸ್ಕೂಟರು. ಸುರಂಗದೊಳಗೆ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವೆಂಬ ಲೆಕ್ಕದ ಮೇಲೆಯೇ ಯೋಜನೆ ನಿಂತಿದೆ. ಗಾಳಿಯ ದೃಷ್ಟಿಯಿಂದ ಅದು ಸರಿಯೇ. ಮುಖಕ್ಕೆ ಗಾಜಿಲ್ಲದೆ ಹದಿನಾರು ಕಿಲೋಮೀಟರ್ ಸುರಂಗದ ಗಾಳಿ ಕುಡಿಯುವುದು ಯಾರಿಗೂ ಬೇಡ. ಆದರೆ ಅದರ ಅರ್ಥವೇನು? ಒಂದು ಸಲ ಹೋಗಲು ಸುಮಾರು 330 ರೂಪಾಯಿ ಟೋಲ್ ಎಂದು ಲೆಕ್ಕ ಹಾಕಿದ ಈ ರಸ್ತೆಯಲ್ಲಿ ಕಾರಿನವರು ಕಿಟಕಿ ಏರಿಸಿಕೊಂಡು ಕೆಳಗೆ ಹೋಗುತ್ತಾರೆ. ಸಿಂದಗಿಯಿಂದ ಬಂದು ಬೈಕಿನಲ್ಲಿ ಊಟ ಹಂಚುವ ಹುಡುಗ, ಇಂಡಿಯಿಂದ ಬಂದು ಆಟೊ ಓಡಿಸುವವನು ಸುರಂಗದ ಬಾಯಿಯಿಂದ ಹೊರಬೀಳುವ ಹೊಗೆಯಲ್ಲಿ ಸಿಗ್ನಲ್ಲಿಗೆ ಕಾಯುತ್ತಾನೆ. ಸುರಂಗದ ಬಾಯಿ ತೆರೆಯುವುದು ಹೆಬ್ಬಾಳ, ರೇಸ್ ಕೋರ್ಸ್, ಸಿಲ್ಕ್ ಬೋರ್ಡ್‌ನಂಥ ಕಡೆ. ಈಗಲೇ ವಾಹನಗಳು ಕದಲದೆ ನಿಲ್ಲುವ ಜಾಗಗಳು ಇವು. ಮೇಲಿನ ಜಂಕ್ಷನ್ನು ಕಟ್ಟಿಕೊಂಡರೆ ಸಾಲು ಹಿಂದಕ್ಕೆ ಬೆಳೆದು ಸುರಂಗದೊಳಕ್ಕೆ ಇಳಿಯುತ್ತದೆ. ಪಿಟ್ಸ್‌ಬರ್ಗ್‌ನಲ್ಲಿ ಆದದ್ದು ಅದೇ.

ಈ ದುಡ್ಡಿನಲ್ಲಿ ಮೆಟ್ರೊ, ಬಸ್ಸು ಹೆಚ್ಚಿಸಿದರೆ ಇದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಸಾಗಿಸಬಹುದೆಂದು ಐಐಎಸ್‌ಸಿಯ ಸಾರಿಗೆ ತಜ್ಞ ಆಶಿಷ್ ವರ್ಮಾ ಅವರಂಥವರು ಹೇಳುತ್ತಲೇ ಬಂದಿದ್ದಾರೆ. ಸರ್ಕಾರದ ಕಡೆಯ ಉತ್ತರವೂ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಮೇಲೆ ರಸ್ತೆ ಅಗಲ ಮಾಡಲು ಸಾವಿರಾರು ಮನೆ ಒಡೆಯಬೇಕು, ಹಾಗಾಗಿ ಕೆಳಗೆ ಹೋಗುತ್ತೇವೆ ಎನ್ನುತ್ತಾರೆ ಉಪ ಮುಖ್ಯಮಂತ್ರಿಯಾಗಿ ಇದರ ಬೆನ್ನಿಗೆ ನಿಂತ ಡಿ.ಕೆ. ಶಿವಕುಮಾರ್. ಮನೆ ಉಳಿಯುತ್ತದೆಂಬುದು ನಿಜ. ಆದರೆ ಉಳಿದ ಮನೆಯ ಕಿಟಕಿಯೊಳಗೆ ಯಾವ ಗಾಳಿ ಬರುತ್ತದೆಂದು ಹೇಳುವ ಕಾಗದ ಬೇಕಲ್ಲ? ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾಗಿರುವ ಕೆಲಸಗಳ ಪಟ್ಟಿಯನ್ನು 2006ರ ಅಧಿಸೂಚನೆ ಕೊಡುತ್ತದೆ. ಅದರಲ್ಲಿ ಹೆದ್ದಾರಿಗಳಿವೆ, ನಗರದೊಳಗಿನ ಸುರಂಗ ರಸ್ತೆ ಎಂಬ ಹೆಸರಿಲ್ಲ. ಆ ಸಂದಿನಲ್ಲಿ ಇಷ್ಟು ದೊಡ್ಡ ಕೆಲಸ ನುಸುಳಿ ಹೋಗಬಾರದೆಂದೇ ನಾಗರಿಕರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದ್ದು. ಸುರಂಗದ ಬಾಯಿ ತೆರೆಯುವ ಪ್ರತಿ ಜಾಗದಲ್ಲೂ ಕೆಲಸ ಶುರುವಾಗುವ ಮೊದಲೇ ಒಂದು ಪೂರ್ತಿ ವರ್ಷ, ಬೇಸಿಗೆಯಿಂದ ಚಳಿಗಾಲದವರೆಗೆ, ಗಾಳಿಯನ್ನು ಅಳೆದಿಡಬೇಕು. ಆ ಅಳತೆ ಇಲ್ಲದಿದ್ದರೆ ನಾಳೆ ಗಾಳಿ ಕೆಟ್ಟಿತೆಂದು ಸಾಬೀತು ಮಾಡಲು ಯಾರ ಕೈಯಲ್ಲೂ ಪುರಾವೆ ಇರುವುದಿಲ್ಲ.

ಇಷ್ಟೆಲ್ಲ ಚರ್ಚೆಯಲ್ಲಿ ಹೆಸರೇ ಬಾರದವರು ಸುರಂಗ ಕೊರೆಯುವವರು. ಬೆಂಗಳೂರಿನ ಕೆಳಗಿರುವುದು ಗಟ್ಟಿ ಕಲ್ಲು, ಸ್ಫಟಿಕ ಶಿಲೆ ತುಂಬಿದ ನೈಸ್ ಮತ್ತು ಗ್ರಾನೈಟ್. ಅದನ್ನು ಕೊರೆದಾಗ, ಸಿಡಿಸಿದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಉಸಿರಿನೊಡನೆ ಒಳಗೆ ಹೋದ ಸಿಲಿಕಾ ಶ್ವಾಸಕೋಶದಲ್ಲಿ ಗಾಯದ ಕಲೆಗಳನ್ನು ಬಿಡುತ್ತಾ ಹೋಗುತ್ತದೆ. ಸಿಲಿಕೋಸಿಸ್ ಎಂಬ ಆ ಕಾಯಿಲೆಗೆ ಮದ್ದಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 1930–31ರಲ್ಲಿ ಜಲವಿದ್ಯುತ್ತಿಗಾಗಿ ಹಾಕ್ಸ್ ನೆಸ್ಟ್ ಸುರಂಗ ತೋಡಿದಾಗ ಒಳಗೆ ದುಡಿದವರಲ್ಲಿ ಬಹುಪಾಲು ದಕ್ಷಿಣದ ರಾಜ್ಯಗಳಿಂದ ಕೆಲಸ ಹುಡುಕಿ ಬಂದ ಕಪ್ಪು ಜನ. ಧೂಳನ್ನು ಅಡಗಿಸಲು ನೀರು ಚಿಮುಕಿಸದೆ ಒಣಗಲ್ಲನ್ನೇ ಕೊರೆಸಿದರು. 1936ರಲ್ಲಿ ಅಮೆರಿಕದ ಸಂಸತ್ತು ವಿಚಾರಣೆ ನಡೆಸಿದಾಗ 476 ಸಾವುಗಳ ಲೆಕ್ಕ ಮುಂದೆ ಬಂತು. ಕೆಲಸ ಬಿಟ್ಟು ಊರಿಗೆ ಮರಳಿ, ಅಲ್ಲಿ ಸತ್ತವರ ಲೆಕ್ಕ ಸರಿಯಾಗಿ ಸಿಗಲೇ ಇಲ್ಲ.

ನಮ್ಮ ತಾಲ್ಲೂಕುಗಳ ಮಟ್ಟಿಗೆ ಭಯ ಇರುವುದೇ ಅಲ್ಲಿ. ಸಿಲಿಕೋಸಿಸ್ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ವರ್ಷಗಳ ನಂತರ. ಅಷ್ಟರಲ್ಲಿ ಗುತ್ತಿಗೆ ಮುಗಿದಿರುತ್ತದೆ, ಕಂಪನಿ ಬೇರೆ ಊರಿಗೆ ಹೋಗಿರುತ್ತದೆ, ಕೆಲಸಗಾರ ಮುದ್ದೇಬಿಹಾಳದ ತನ್ನ ಹಳ್ಳಿಗೆ ಬಂದಿರುತ್ತಾನೆ. ಕೆಮ್ಮು, ದಮ್ಮು, ತೂಕ ಇಳಿಯುವುದು ನೋಡಿ ಕ್ಷಯವೆಂದೇ ಮದ್ದು ಕೊಡುವ ಸಂಭವ ಹೆಚ್ಚು, ಎರಡರ ಎಕ್ಸ್‌ರೇಯೂ ಮೇಲ್ನೋಟಕ್ಕೆ ಹೋಲುತ್ತದೆ. ಬೆಂಗಳೂರಿನ ಯಾವ ಸುರಂಗದಲ್ಲಿ ಎಷ್ಟು ತಿಂಗಳು ದುಡಿದೆನೆಂದು ತೋರಿಸುವ ಚೀಟಿ ಅವನ ಕೈಯಲ್ಲಿಲ್ಲದಿದ್ದರೆ ಪರಿಹಾರದ ಮಾತೂ ಇಲ್ಲ. ಆದ್ದರಿಂದ ಕೆಲಸಕ್ಕೆ ಸೇರುವಾಗ ಒಂದು, ಬಿಡುವಾಗ ಒಂದು ಎದೆಯ ಎಕ್ಸ್‌ರೇ ತೆಗೆಸಿ, ಅದರ ಪ್ರತಿಯನ್ನು ಗುತ್ತಿಗೆದಾರನ ಕಪಾಟಿನಲ್ಲಿಡದೆ ಕೆಲಸಗಾರನ ಕೈಗೇ ಕೊಡಬೇಕು. ಹಾಜರಿಯ ದಾಖಲೆಯನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ಜೋಡಿಸಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸರ್ಕಾರಿ ಆಸ್ಪತ್ರೆಗಳ ವೈದ್ಯರು ಕೆಮ್ಮಿಕೊಂಡು ಬಂದವನನ್ನು ಇದಕ್ಕೂ ಮುಂಚೆ ಎಲ್ಲಿ, ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿ, ಅವನ ಉತ್ತರವನ್ನು ಚೀಟಿಯ ಮೇಲೆ ಬರೆಯಬೇಕು.